ಎರಡನೆಯ ನಾಮನಿರ್ದೇಶನ

ಹ್ಯಾರೊ ಕ್ರೀಕ್, ನೆಬ್ರಾಸ್ಕ
೧೫ ಏಪ್ರಿಲ್ ೨೦೧೮, ಭಾನುವಾರ

ಪ್ರೀತಿಯ ಮಗಳು ಡಾರ್ಲಾ,

ಕೊರಿಯಾದ ಹಳದಿ ಧೂಳಿಗೆ ಕೆಮ್ಮು ಹೆಚ್ಚಾಗಿದೆ ಎಂದು ನೀನು ಬರೆದಿದ್ದೆ. ಈಗ ಹೇಗಿದೆ? ಶಿಬಿರದ ಡಾಕ್ಟರಿಗೆ ತೋರಿಸು. ಸಾರ್ಜೆಂಟ್ ಆದವಳು ಕೆಮ್ಮಬಾರದೆಂದು ಯಾವ ನಿಯಮವೂ ಇಲ್ಲ. ನನ್ನ ಮಂಡಿ ನೋವು ಹಾಗೇ ಇದೆ. ನಿನ್ನ ಮಗಳು ಬ್ರಿನ್ ಊಟ ಕಡಿಮೆ ಮಾಡಿದ್ದಾಳೆ.

ಸುದ್ದಿ ಒಳ್ಳೆಯದಲ್ಲ. ಮಂಗಳವಾರ ಸೇನಾ ಅಕಾಡೆಮಿಯಿಂದ ಪತ್ರ ಬಂತು. ಬ್ರಿನ್ ಅದನ್ನು ಅಂಚೆ ಡಬ್ಬಿಯ ಬಳಿ ನಿಂತೇ ಓದಿ ನನ್ನ ಕೈಗಿಟ್ಟಳು. ಅರ್ಹತೆ ಇದೆ, ಸ್ಥಾನ ಸಿಕ್ಕಿಲ್ಲ ಎಂದಿತ್ತು. ಡಿಸೆಂಬರಿನಲ್ಲಿ ನಮ್ಮ ಸಂಸದರು ಅವಳನ್ನು ನಾಮನಿರ್ದೇಶನ ಮಾಡಿದಾಗ ನಾನು ಅದನ್ನೇ ಪ್ರವೇಶವೆಂದು ತಿಳಿದೆ. "ತಾತಾ, ಅದು ಬರೀ ಹೆಸರು ಕಳಿಸೋದು. ಹತ್ತು ಜನರ ಹೆಸರು ಹೋಗುತ್ತೆ, ತಗೊಳ್ಳೋದು ಒಬ್ಬರನ್ನ" ಎಂದು ಅವಳು ಬಿಡಿಸಿ ಹೇಳಿದ್ದಳು. "ಆ ಒಬ್ಬಳು ನೀನೇ ಬಿಡೇ" ಎಂದುಬಿಟ್ಟೆ. ಊರಿನ ವಾರಪತ್ರಿಕೆಗೂ ಅವಳು ಆಯ್ಕೆಯಾದಳೆಂದೇ ಹೇಳಿದೆ. ಅವರು ಮೊದಲ ಪುಟದಲ್ಲಿ ಹಾಕಿದರು. ಹೋಟೆಲಿನ ಡೆಲ್ಲಾ ಆ ಪುಟವನ್ನು ಗೋಡೆಗೆ ಅಂಟಿಸಿ, ಬ್ರಿನ್ ಹೋದಾಗಲೆಲ್ಲ "ಕ್ಯಾಪ್ಟನ್ ಮೇಡಂ, ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ, ಆರ್ಡರ್ ಮಾಡಿ!" ಎಂದು ಕೂಗುತ್ತಿದ್ದಳು. ಶುಕ್ರವಾರ ನೋಡಿದೆ. ಪುಟ ತೆಗೆದಿದ್ದಾಳೆ, ಅಂಟಿನ ಗುರುತು ಮಾತ್ರ ಉಳಿದಿದೆ. ಬಿಲ್ ಕೊಡುವಾಗ ಡೆಲ್ಲಾ ನನ್ನ ಮುಖ ನೋಡಲಿಲ್ಲ.

ಬುಧವಾರ ಬ್ರಿನ್ ಪ್ರವೇಶ ಕಚೇರಿಗೆ ಫೋನ್ ಮಾಡಿದಳು. ಎಂಟು ವರ್ಷಕ್ಕೂ ಹೆಚ್ಚು ಕಾಲ ಸೇನೆಯಲ್ಲಿರುವವರ ಮಕ್ಕಳಿಗೆ ರಾಷ್ಟ್ರಾಧ್ಯಕ್ಷರ ಹೆಸರಿನಲ್ಲಿ ಇನ್ನೊಂದು ನಾಮನಿರ್ದೇಶನವಿದೆ, ಅದಕ್ಕೆ ಬೇರೆಯೇ ನೂರು ಸ್ಥಾನಗಳಿವೆ ಎಂಬುದು ನಿನಗೂ ಗೊತ್ತು. ಅದಕ್ಕೂ ಅವಳು ಅರ್ಜಿ ಹಾಕಿದ್ದಳು. ಅವಳ ಅಂಕಗಳಿಗೆ ಅಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತಂತೆ. ಆದರೆ ಜನವರಿ ಕೊನೆಯ ಗಡುವಿನೊಳಗೆ ತಾಯಿಯ ಸೇವಾ ಪ್ರಮಾಣಪತ್ರ ಬರದಿದ್ದರಿಂದ ಆ ಅರ್ಜಿಯನ್ನು ಮುಚ್ಚಿದ್ದೇವೆ ಎಂದರಂತೆ. ಹನ್ನೊಂದು ವರ್ಷ ಸೇವೆ ಮಾಡಿದವಳು ನೀನು. ಫೋನಿಟ್ಟು ಬ್ರಿನ್ ಒಂದೇ ಮಾತು ಹೇಳಿದಳು: "ಅಮ್ಮಂಗೆ ಒಂದು ಕಾಗದ ಕಳಿಸೋಕೂ ಪುರುಸೊತ್ತಿರ್ಲಿಲ್ಲ." ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕುಳಿತಿದ್ದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು, ವಯಸ್ಸಿದೆ ಎಂದೆ. ಅಮ್ಮನ ಹತ್ತಿರ ಎರಡನೇ ಸಲ ಕೇಳುವುದಿಲ್ಲ ಎಂದಳು.

ಮೈ ನೋಡಿಕೋ. ದೇವರು ನಿನ್ನನ್ನು ಕಾಯಲಿ. ನೆರೆಯ ಹಾಲ್ವರ್ಸನ್ ದಂಪತಿ ನಿನ್ನನ್ನು ಕೇಳಿದರು.

ನಿನ್ನ ಅಪ್ಪ,
ವೆಂಡೆಲ್

ಮತ್ತೊಂದು ವಿಷಯ: ನಿನ್ನ ಪ್ರಮಾಣಪತ್ರ ಡಿಸೆಂಬರ್ ನಾಲ್ಕಕ್ಕೇ ಬಂದಿತ್ತು, ಸಹಿ, ಮೊಹರು ಎಲ್ಲ ಸರಿಯಾಗಿತ್ತು. ಸಂಸದರ ಕಚೇರಿಯಿಂದ ಫೋನ್ ಬಂದು ಎರಡು ದಿನವಾಗಿತ್ತಷ್ಟೆ. ಒಬ್ಬರು ಹೆಸರು ಕೊಟ್ಟ ಮೇಲೆ ಇನ್ನೊಂದು ಬಾಗಿಲು ತಟ್ಟಿದರೆ ಅವರಿಗೆ ಅವಮಾನವಾದೀತೆಂದು ಅದನ್ನು ಬಿತ್ತನೆ ಬೀಜದ ಕ್ಯಾಟಲಾಗುಗಳ ಕೆಳಗೆ ಇಟ್ಟೆ. ಅಮ್ಮನ ಕಾಗದ ಬಂತಾ ಎಂದು ಬ್ರಿನ್ ಎರಡು ಸಲ ಕೇಳಿದಾಗಲೂ ಇಲ್ಲವೆಂದೆ. ಈ ವಾರ ಅವಳು ನಿನ್ನ ಫೋನ್ ಎತ್ತದಿರುವುದು ಅದಕ್ಕೇ. ಈಗ ಆ ಲಕೋಟೆಯನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟಿದ್ದೇನೆ. ಮೆಟ್ಟಿಲಿಳಿದು ಬರುತ್ತಿದ್ದಾಳೆ.