ಗೆರೆಯಿಂದ ಅಳಿಸಿಹೋದ ಹನಿ

ಕಾಳಿ ನದಿಯ ದಡ, ಕಾರವಾರ
೨೨೧೯ನೇ ಇಸವಿ, ಫೆಬ್ರವರಿ ಮೂವತ್ತು

ಇನ್ನೂರು ವರ್ಷಗಳ ಹಿಂದೆ ಇಂಧನಕೋಶಗಳನ್ನು ಪರೀಕ್ಷಿಸುತ್ತಿರುವ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಪದಗಳೂ ನಿಮಗೆ ಹೊಸತೆನಿಸಬಹುದು, ಮನ್ನಿಸಿ. ಸಿಟ್ಟನ್ನು ಮಾತ್ರ ಮನ್ನಿಸಬೇಕಾಗಿಲ್ಲ, ಅದು ನಿಮಗೆ ಸಲ್ಲಬೇಕಾದದ್ದೇ.

ನಮ್ಮ ದೋಣಿಗಳು ಜಲಜನಕದಿಂದ ಓಡುತ್ತವೆ. ಕೋಶದೊಳಗೆ ಬೆಂಕಿಕಡ್ಡಿಗಿಂತ ಸಣ್ಣ ಕಾಲುವೆಗಳಲ್ಲಿ ಗಾಳಿ ಹರಿಯುತ್ತದೆ. ವಿದ್ಯುತ್ತಿನ ಜೊತೆಗೆ ನೀರೂ ಹುಟ್ಟುವುದರಿಂದ ಅದೇ ಕಾಲುವೆಯಲ್ಲಿ ಹನಿಗಳೂ ಸಾಗಬೇಕು. ಹನಿ ಅಡ್ಡ ನಿಂತರೆ ಗಾಳಿಯನ್ನು ತಳ್ಳಲು ಬೇಕಾದ ಒತ್ತಡ ಏರುತ್ತದೆ. ಹನಿ ಜಾರಿದರೆ ಒತ್ತಡ ಥಟ್ಟನೆ ಇಳಿಯುತ್ತದೆ. ಜಾರದೇ ಹೋದರೆ ಗಾಳಿ ಪಕ್ಕದ ಕಾಲುವೆ ಹಿಡಿಯುತ್ತದೆ, ಈ ಕಾಲುವೆ ಉಸಿರುಗಟ್ಟುತ್ತದೆ. ಅದಕ್ಕೇ ಇಲ್ಲಿ ಹನಿಕಾವಲು ಎಂಬ ಪದ್ಧತಿಯಿದೆ: ದೋಣಿ ಬಿಡುವ ಮೊದಲು ಪ್ರಯಾಣಿಕರಲ್ಲಿ ಒಬ್ಬರು ಕೋಶದ ಗಾಜಿನ ಕಿಂಡಿಯಲ್ಲಿ ಇಣುಕಿ, ಹನಿ ನಿಂತಿಲ್ಲವೆಂದು ಕೂಗಿ ಹೇಳಬೇಕು. ಮದುಮಗನೂ ಇಣುಕಿದ್ದಾನೆ, ಮಂತ್ರಿಯೂ ಇಣುಕಿದ್ದಾರೆ.

ಈಗ ನಗರಸಭೆ ಅದನ್ನು ಕೈಬಿಡಲು ಹೊರಟಿದೆ. ಕಾರಣ ನೀವು. ನಿಮ್ಮ ಕಾಲದ ವರದಿಗಳನ್ನೆಲ್ಲ ನಾನು ಓದಿದ್ದೇನೆ. ಅವುಗಳ ಗ್ರಾಫಿನಲ್ಲಿ ಒತ್ತಡದ ಗೆರೆ ಬೆಣ್ಣೆಯಷ್ಟು ನುಣುಪು, ಹನಿ ತರುವ ಏರಿಳಿತದ ಗುರುತೇ ಇಲ್ಲ. ಅದನ್ನೇ ನಂಬಿ ಇವರು ಒತ್ತಡದ ಸರಾಸರಿಯನ್ನಷ್ಟೇ ತೋರಿಸುವ ಮಾಪಕ ಕೂರಿಸಿದ್ದಾರೆ. ಮೊನ್ನೆ ಮಂಜಿನ ಬೆಳಿಗ್ಗೆ, ಪ್ರಯೋಗಕ್ಕೆಂದು ಕಾವಲಿಲ್ಲದೆ ಹೊರಟ ದೋಣಿ ನಡುನೀರಿನಲ್ಲಿ ನಿಂತು, ಇಳಿತದ ಸೆಳೆತಕ್ಕೆ ಸಮುದ್ರದ ಕಡೆ ತೇಲತೊಡಗಿತು. ನಾನೂ ಅದರಲ್ಲಿದ್ದೆ. ನಗರಸಭೆಯ ಎಂಜಿನಿಯರ್ ತಾಂಡೇಲರು ಮಾಪಕ ತೋರಿಸಿ, "ಮುಳ್ಳು ಸರಿಯಾಗೇ ಉಂಟಲ್ಲ" ಎಂದರು. ಮೀನಿನ ಬುಟ್ಟಿ ಹಿಡಿದು ಕೂತಿದ್ದ ಶೇವಂತಿ ಸುಮ್ಮನಿರಲಿಲ್ಲ. "ಹಂಗಾರೆ ಮುಳ್ಳನ್ನೇ ಆಚೆ ದಡಕ್ಕೆ ಕಳ್ಸಿ ಸಾಹೇಬ್ರೆ, ನಾವು ಹಿಂದಿಂದ ಈಜ್ಕಂಡು ಬರ್ತೇವೆ" ಎಂದಳು. ಕೊನೆಗೆ ತಾಂಡೇಲರೇ ಮಂಡಿಯೂರಿ ಕಿಂಡಿಗೆ ಕಣ್ಣಿಟ್ಟು, ಗಾಳಿಯನ್ನು ಜೋರಾಗಿ ಊದಿಸಿ ಹನಿಗಳನ್ನು ಹೊರದಬ್ಬಿದರು. ದಡ ಸೇರುವವರೆಗೆ ಅವರು ಮಾಪಕದ ಕಡೆ ತಿರುಗಿ ನೋಡಲಿಲ್ಲ.

ನಾಳೆ ಸಭೆ. ತಾಂಡೇಲರು ನಮ್ಮ ಪರವಾಗಿ ಕೈ ಎತ್ತುತ್ತಾರೆ. ಹನಿಕಾವಲು ಉಳಿಯುತ್ತದೆ, ನನಗೆ ಸಂಶಯವಿಲ್ಲ. ಆದರೆ ನಮ್ಮ ನಂತರದವರ ಕೈಗೂ ಸಿಗುವುದು ನಿಮ್ಮ ಗ್ರಾಫೇ. ಒತ್ತಡವನ್ನು ಒಣಗಾಳಿಯಲ್ಲಷ್ಟೇ ಅಳೆದು ಮುಗಿಸಬೇಡಿ. ನೀರಿನೊಂದಿಗೆ ಅಳೆಯುವಾಗ ಗೆರೆ ಜಿಗಿದರೆ, ಅಂದಗೆಟ್ಟಿತೆಂದು ಅಳಿಸಬೇಡಿ. ಆ ಜಿಗಿತದಲ್ಲಿ ಒಂದು ದೋಣಿ ಇದೆ, ಅದರಲ್ಲಿ ನಾವು ಕೂತಿದ್ದೇವೆ.

ಇಂತು,
ಮೋಹಿನಿ ರಾಯ್ಕರ