ಮಾಳಿಗೆಯ ಮೇಲೆ ನಿಂತು ಕೇಳಿದ ವಿಶ್ವಕಪ್

ಸಾನ್ ಹೋಸೆ, ಉರುಗ್ವೆ
ಮಂಗಳವಾರ, ೧೬ ಜೂನ್ ೧೯೭೦

ಪ್ರೀತಿಯ ಎವರಿಸ್ತೋಗೆ, ದೂರದಿಂದಲೇ ನಿನ್ನ ನೀಲ್ದಾಳ ಮುತ್ತುಗಳು. ದೂರದಿಂದ ಕಳಿಸಿದರೆ ದೋಷವಿಲ್ಲ ತಾನೇ?

ನಿನ್ನ ತಂತಿ ನಿನ್ನೆ ಬಂತು. ಅಕ್ಕ ಇರ್ಮಾಳ ಆರೈಕೆಗೆಂದು ಮಾರ್ಚಿನಲ್ಲಿ ಇಲ್ಲಿಗೆ ಬಂದವಳು, ಅವಳು ಗುಣವಾಗಿ ಓಡಾಡತೊಡಗಿದ ಮೇಲೂ ಯಾಕೆ ಉಳಿದೆನೆಂದು ನಿನಗೆ ಗೊತ್ತು. ನೀನಾಗಿ ಬಾ ಅನ್ನಲಿ ಎಂದು. ಕೊನೆಗೂ ಕರೆದನಪ್ಪ ಎಂದುಕೊಂಡೇ ಒಡೆದೆ. ‘ಬ್ರೆಜಿಲ್ ಮೇಲೆ ಸೆಮಿಫೈನಲ್. ಬುಧವಾರ ಮುಗಿಯುವವರೆಗೆ ಬರಬೇಡ. ಅಲ್ಲೇ ಇರು’ ಎಂದಿತ್ತು. ಇರ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಿನ್ನ ಗಂಡ ನಿನ್ನ ಮರ್ತಿಲ್ಲ ಕಣೇ! ಕಾಸು ಖರ್ಚು ಮಾಡಿ ದೂರ ಇಟ್ಟಿದಾನೆ ನೋಡು!’ ಎಂದಳು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಇಪ್ಪತ್ತು ವರ್ಷದ ಹಿಂದೆ ರಿಯೋದಲ್ಲಿ ಇದೇ ಬ್ರೆಜಿಲ್ ಮೇಲೆ ವಿಶ್ವಕಪ್ಪಿನ ಕಡೆಯ ಪಂದ್ಯ ನಡೆದಾಗ ನಾವು ಹೊಸ ಗಂಡ ಹೆಂಡತಿ. ಯೆರ್ಬಾ ಎಲೆಯ ಚಹಾ ಕುಡಿಯುವ ಸೋರೆಬುರುಡೆಗೆ ಬಿಸಿನೀರು ತುಂಬಲೆಂದು ಕೆಟಲ್ ಹಿಡಿದು ನಾನು ಒಳಗೆ ಕಾಲಿಟ್ಟದ್ದೇ ತಡ, ರೇಡಿಯೋದಲ್ಲಿ ಬ್ರೆಜಿಲ್ಲಿನವರ ಗೋಲು. ನಿನ್ನಮ್ಮ ‘ಇವಳ ಕಾಲ್ಗುಣಾನೇ ಸರಿಯಿಲ್ಲ, ಹೊರಗೆ ಕಳ್ಸೋ ಇವಳ್ನ!’ ಎಂದು ಕಿರುಚಿದರು. ನೀನು ‘ಸ್ವಲ್ಪ ಹೊತ್ತು ಮಾಳಿಗೆ ಮೇಲಿರು ನೀಲ್ದಾ, ಅಮ್ಮನ ಸಮಾಧಾನಕ್ಕೆ’ ಎಂದೆ. ಹೋದೆ. ಜುಲೈ ಚಳಿಯಲ್ಲಿ ಒದ್ದೆ ಬಟ್ಟೆಗಳ ನಡುವೆ ನಿಂತೆ. ನಮ್ಮವರು ಸಮ ಮಾಡಿದರು, ಆಮೇಲೆ ಗೆದ್ದೇಬಿಟ್ಟರು. ಊರಿಗೆ ಊರೇ ಕೂಗಿಕೊಂಡಿತು. ನೀನು ಈಗ ಹತ್ತಿ ಬರುತ್ತೀಯ, ಇನ್ನೊಂದು ಗಳಿಗೆಗೆ ಬರುತ್ತೀಯ ಎಂದು ಮೆಟ್ಟಿಲ ಕಡೆಗೇ ನೋಡುತ್ತಿದ್ದೆ. ಸಾಕಾಗಿ ಇಳಿದು ಬಂದರೆ ಬಾಗಿಲು ಹಾರುಹೊಡೆದಿತ್ತು, ಮನೆ ಖಾಲಿ. ಎಲ್ಲರೂ ಕುಣಿಯಲು ಬೀದಿಗೆ ಹೋಗಿದ್ದಿರಿ.

ಮೊದಮೊದಲು ನನಗೂ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ? ನಿನ್ನ ಕ್ಷೌರದಂಗಡಿಗೆ ಬಂದವರೆಲ್ಲ ‘ನಿಮ್ಮಾಕೆ ಮಾಳಿಗೆ ಹತ್ತಿದ್ದಕ್ಕೇ ಕಪ್ ಬಂತಪ್ಪಾ’ ಎನ್ನುತ್ತಿದ್ದರು. ಅಲ್ಲಿಂದ ಅದೇ ಶಾಸ್ತ್ರವಾಯಿತು. ನಿನ್ನ ತಮ್ಮ ರೂಬೆನ್ ಅವತ್ತು ಒಂದೇ ಕಾಲಿಗೆ ಬೂಟು ಹಾಕಿದ್ದನೆಂದು ಇಂದಿಗೂ ಒಂದೇ ಬೂಟಿನಲ್ಲಿ ಕೂರುತ್ತಾನೆ. ನಾನು ಮಾಳಿಗೆ ಹತ್ತುತ್ತೇನೆ. ಮುಂದಿನ ವಿಶ್ವಕಪ್ಪಿಗೆ ಸ್ವಿಟ್ಜರ್ಲೆಂಡಿನಲ್ಲಿ ಹಂಗೇರಿಯವರ ಮೇಲೆ ಎರಡು ಗೋಲು ಹಿಂದಿದ್ದವರು ಸಮ ಮಾಡಿದಾಗ ಖುಷಿ ತಡೆಯದೆ ಎರಡು ಮೆಟ್ಟಿಲು ಇಳಿದುಬಿಟ್ಟೆ. ಹೆಚ್ಚುವರಿ ಸಮಯದಲ್ಲಿ ಸೋತದ್ದು ಅದರಿಂದಲೇ ಎಂದಾಯಿತು. ಸ್ವೀಡನ್ನಿಗೆ ನಮ್ಮವರು ಹೋಗಲೇ ಇಲ್ಲ, ಅದಕ್ಕೂ ನಾನೇ. ಚಿಲಿಯಿಂದ ಬೇಗ ಗಂಟುಮೂಟೆ ಕಟ್ಟಿದರು, ನಾನು ಸೀನಿದ್ದೆನಂತೆ. ಇಂಗ್ಲೆಂಡಿನಲ್ಲಿ ನಮ್ಮ ಇಬ್ಬರನ್ನು ಮೈದಾನದಿಂದ ಆಚೆ ಅಟ್ಟಿದ್ದು ರೆಫರಿ, ನಾಲ್ಕು ಗೋಲು ಹೊಡೆದದ್ದು ಜರ್ಮನಿಯವರು, ಬೈಗುಳ ತಿಂದದ್ದು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಹಾಗೆ ನೋಡಿದರೆ ಮೊಟ್ಟಮೊದಲ ವಿಶ್ವಕಪ್ ನಡೆದದ್ದೇ ನಮ್ಮ ಮೊಂತೆವಿದೆಯೋದಲ್ಲಿ. ಆಗ ನನಗೆ ಆರು ವರ್ಷ. ಅಪ್ಪನ ಹೆಗಲ ಮೇಲೆ ಕೂತು ನಮ್ಮವರು ಅರ್ಜೆಂಟೀನಾವನ್ನು ಸೋಲಿಸಿದ್ದನ್ನು ಕಣ್ಣಾರೆ ಕಂಡೆ. ನನ್ನ ಕಾಲ್ಗುಣ ಅಷ್ಟು ಕೆಟ್ಟದ್ದಾದರೆ ಅವತ್ತು ಕಪ್ ಬಂದದ್ದು ಹೇಗೆ? ‘ಅವಳ ಕಾಲು ನೆಲಕ್ಕೆ ತಾಗಿರಲಿಲ್ಲವಲ್ಲ, ಅದಕ್ಕೇ’ ಎಂದು ನಿನ್ನಮ್ಮ ಹೇಳಿಯಾರು.

ಕೋಪವಿಲ್ಲ ಎವರಿಸ್ತೋ. ಇದ್ದಿದ್ದರೆ ಚೆನ್ನಾಗಿತ್ತು, ಹೊತ್ತಾದರೂ ಹೋಗುತ್ತಿತ್ತು. ಇರುವುದು ಬರೀ ನಿನ್ನ ಹಂಬಲ. ನಲವತ್ತಾರರ ಹೆಂಗಸು ಇದನ್ನೆಲ್ಲ ಬರೆಯಬಾರದೇನೋ, ಆದರೂ ಬರೆಯುತ್ತೇನೆ. ಸಂಜೆ ಅಂಗಡಿ ಮುಚ್ಚಿ ಬಂದ ನಿನ್ನ ಕೈಯ ಸಾಬೂನಿನ ವಾಸನೆ ಬೇಕೆನಿಸುತ್ತದೆ. ‘ಯೆರ್ಬಾಗೆ ನೀರು ಕುದಿಸ್ಬಾರದು ಅಂತ ಎಷ್ಟ್ ಸಲ ಹೇಳೋದು ನಿಂಗೆ’ ಎಂಬ ನಿನ್ನ ಗೊಣಗಾಟ ಬೇಕೆನಿಸುತ್ತದೆ. ಇಲ್ಲಿ ನೀರು ಕುದ್ದು ಬತ್ತಿದರೂ ಕೇಳುವವರಿಲ್ಲ. ನಾನು ಆಸೆಪಟ್ಟದ್ದು ದೊಡ್ಡದೇನಲ್ಲ. ಒಂದೇ ಒಂದು ಪಂದ್ಯ, ಸೋಲಲಿ ಗೆಲ್ಲಲಿ, ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಬೇಕು. ‘ಉರುಗ್ವೆ ಸೋತ್ರೆ ಸೋಲ್ಲಿ, ನೀನು ಕೂತ್ಕೋ’ ಎಂದು ನೀನು ಅಮ್ಮನ ಎದುರಿಗೇ ಅನ್ನಬೇಕು. ಅದನ್ನು ಮನಸ್ಸಿನಲ್ಲೇ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ.

ಹೆದರಬೇಡ. ನೀನು ಹೇಳಿದಂತೆ ಇಲ್ಲೇ ಇರುತ್ತೇನೆ. ನಾಳೆ ಕುತ್ತಿಗೆಗೆ ಮಫ್ಲರ್ ಸುತ್ತಿಕೋ, ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ.

ದೂರವಿದ್ದು ದೇಶಸೇವೆ ಮಾಡುತ್ತಿರುವ,
ನಿನ್ನವಳೇ ಆದ
ನೀಲ್ದಾ

ವಿ. ಸೂ.: ಇಲ್ಲೇ ಇರುತ್ತೇನೆ ಎಂದು ಬರೆದದ್ದು ಸುಳ್ಳು. ಭಾನುವಾರವೂ ನಾನು ಇಲ್ಲಿರಲಿಲ್ಲ. ನೀನು ಕರೆಯುವುದನ್ನು ಕಾಯಲಾರದೆ ಬೆಳಗಿನ ಬಸ್ಸಿಗೆ ಊರಿಗೆ ಬಂದಿದ್ದೆ. ರಷ್ಯಾದವರ ಮೇಲಿನ ಪಂದ್ಯ ಮುಗಿದ ಮೇಲೆ ತಟ್ಟೋಣವೆಂದು ನಮ್ಮ ಮನೆ ಬಾಗಿಲಿಗೆ ಬೆನ್ನು ಕೊಟ್ಟು, ಒಳಗಿನ ರೇಡಿಯೋ ಕೇಳುತ್ತ ಕೂತಿದ್ದೆ. ಇನ್ನೇನು ಮುಗಿಯಿತು ಎನ್ನುವಾಗ ನಮ್ಮವರ ಗೋಲು ಬಿತ್ತಲ್ಲ, ಆಗ ನಿನಗೂ ನನಗೂ ನಡುವೆ ಇದ್ದದ್ದು ಒಂದು ಹಲಗೆ. ಎದ್ದು ತಟ್ಟಲು ಕೈ ಎತ್ತಿದೆ. ‘ಸದ್ಯ, ನೀಲ್ದಾ ಇರ್ಲಿಲ್ಲ, ಬದುಕ್ಕೊಂಡ್ವಿ!’ ಎಂದು ನೀನು ಕೂಗಿದ್ದು ಕೇಳಿಸಿತು. ಸಂಜೆಯ ಬಸ್ಸಿಗೆ ವಾಪಸು ಬಂದೆ.

ಈ ಪತ್ರವನ್ನು ಬಸ್ಸಿನ ಡ್ರೈವರ್ ನಾಳೆ ಬೆಳಿಗ್ಗೆ ನಿನ್ನ ಅಂಗಡಿಗೆ ತಲುಪಿಸುತ್ತಾನೆ. ಸಂಜೆ ಪಂದ್ಯ ಶುರುವಾಗುವ ಹೊತ್ತಿಗೆ ನಾನು ಅದೇ ಬಾಗಿಲಾಚೆ ಕೂತಿರುತ್ತೇನೆ. ತಟ್ಟುವುದಿಲ್ಲ. ತೆಗೆಯುವುದಾದರೆ ಆಟ ನಡೆಯುತ್ತಿರುವಾಗಲೇ ತೆಗೆ ಎವರಿಸ್ತೋ. ಗೆದ್ದ ಮೇಲೆ ಯಾರು ಬೇಕಾದರೂ ತೆಗೆಯುತ್ತಾರೆ.