ಎಡದವಡೆ

ಅಂಗಡಿಯಿಂದ,
ಮಾರ್ಚ್ ಒಂಬತ್ತು, ಸೋಮವಾರ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಭಾವನ ಕೆಮ್ಮು ನಿಂತಿತಾ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಚೆನ್ನಾಗಿಲ್ಲ ಅಕ್ಕಾ.

ನನ್ನ ಒಸಡಿನ ಹುಣ್ಣು ಬರೀ ಹುಣ್ಣಲ್ಲವಂತೆ, ಕ್ಯಾನ್ಸರ್. ತಂಬಾಕು ಒತ್ತಿಕೊಳ್ಳುತ್ತಿದ್ದ ಜಾಗದಲ್ಲೇ ಎದ್ದಿದೆ. "ಬಾಯೋ ಕಸದ ಬುಟ್ಟಿಯೋ ನಿಂದು?" ಎಂದು ನೀನು ಬೈದಾಗಲೆಲ್ಲ ನಕ್ಕು, ಆಚೆ ಹೋಗಿ ಉಗುಳಿ ಬರುತ್ತಿದ್ದೆ. ಹತ್ತೊಂಬತ್ತನೇ ತಾರೀಕು, ಗುರುವಾರ, ಎಡದವಡೆಯನ್ನು ಕೊಯ್ದು ತೆಗೆದು, ಕಾಲಿನ ಮೂಳೆಯ ತುಂಡೊಂದನ್ನು ಅಲ್ಲಿ ಕೂರಿಸುತ್ತಾರೆ. ಇಪ್ಪತ್ತಾರು ವರ್ಷ ಕಂಡವರ ದವಡೆಯ ಮೇಲೆ ಕತ್ತಿ ಆಡಿಸಿದವನು ನಾನು. ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಡಾಕ್ಟರು ಕೆನ್ನೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡೆ. "ಅಲ್ಲಾಡ್ಬೇಡಿ, ಒಂದೇ ನಿಮಿಷ" ಎಂದರು. ದಿನಾ ಗಿರಾಕಿಗಳಿಗೆ ನಾನು ಹೇಳುವ ಮಾತು ಅದು.

ಆಪರೇಷನ್ ಆದ ಮೇಲೆ ಕೆಲವು ದಿನ ಗಂಟಲಲ್ಲಿ ತೂತು, ಮೂಗಲ್ಲಿ ನಳಿಕೆ, ಮಾತಿಲ್ಲ. ಈಗಲೇ ಸ್ಲೇಟಿನಲ್ಲಿ ಬರೆದು ರೂಢಿ ಮಾಡಿಕೊಳ್ಳಿ ಎಂದು ನರ್ಸಮ್ಮ ಹೇಳಿದ್ದಾರೆ. ನೋವು, ನೀರು, ದಿಂಬು ಎಂದು ಬರೆದೆ. ಹೆದರಿಕೆ ಎಂದು ಬರೆದು ತಕ್ಷಣ ಒರೆಸಿದೆ. ಅಷ್ಟರಲ್ಲಿ ಹೆಂಡತಿ ನೋಡಿಬಿಟ್ಟಳು.

ಹೊಸ ಮುಖ ಅಭ್ಯಾಸವಾಗಲೆಂದು ಇವತ್ತು ಬೆಳಗ್ಗೆ ಮೀಸೆ ಬೋಳಿಸಿಕೊಂಡೆ. ಎರಡು ಕಡೆ ಗಾಯ ಮಾಡಿಕೊಂಡೆ. "ಬೇರೆ ಅಂಗಡಿಗೆ ಹೋಗಿದ್ರೆ ನೀಟಾಗಿ ಮಾಡ್ತಿದ್ರು" ಎಂದು ಇವಳು ನಗಿಸಲು ನೋಡಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿನಲ್ಲಿ ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ, ಪಾಪ. ಅಂಗಡಿಗೆ ಬಂದರೆ ಮೂರು ಕನ್ನಡಿ. ಎತ್ತ ತಿರುಗಿದರೂ ಇದೇ ಮುಖ. ಒಂದಕ್ಕೆ ಟವೆಲ್ ಹೊದಿಸಿ ಈ ಕಾಗದ ಬರೆಯುತ್ತಿದ್ದೇನೆ.

ಗಿರಾಕಿ ಬಂದು ಕೂತರು, ನಿಲ್ಲಿಸುತ್ತೇನೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕೊಯ್ದ ಮೇಲೆ ನಾಲಿಗೆಗೂ ಹಬ್ಬಿರುವುದು ಕಂಡರೆ, ಅದನ್ನೂ ತೆಗೆಯಬೇಕಾ ಎಂದು ಹೊರಗೆ ಕೂತವರನ್ನು ಕೇಳುತ್ತಾರಂತೆ. ಫಾರಮ್ಮಿನಲ್ಲಿ ನಿನ್ನ ಹೆಸರು ಕೊಟ್ಟಿದ್ದೇನೆ. ಇವಳಿಗೆ ನನ್ನ ಮಾತೆಂದರೆ ಪ್ರಾಣ, ಬೇಡ ಎಂದುಬಿಡುತ್ತಾಳೆ. ನೀನು ಹದಿನೆಂಟಕ್ಕೇ ಬಾ. ಕೇಳಿದರೆ "ತೆಗೀರಿ" ಅನ್ನು. ನಾನು ಬದುಕಬೇಕು ಅಕ್ಕಾ.